ಅರಿಸಿನದ ಕಿಂಡಿ, ಕುಂಕುಮದ ಕಿಂಡಿ

"ಹಚ್ಚಿದರೆ ಸಾಕು, ಉಳಿದದ್ದನ್ನು ಯಂತ್ರ ತಾನೇ ನೋಡಿಕೊಳ್ಳುತ್ತದೆ" ಎಂಬ ಮಾತು ನಾನು ಬಿಚ್ಚಿದ ಪ್ರತಿಯೊಂದು ಪೆಟ್ಟಿಗೆಯ ಮೇಲೂ ಒಂದಲ್ಲ ಒಂದು ಭಾಷೆಯಲ್ಲಿ ಅಚ್ಚಾಗಿರುತ್ತಿತ್ತು. ಕೆಲಸಕ್ಕೆ ಸೇರಿದ ದಿನವೂ ನಾನು ಆ ಮಾತನ್ನು ನಂಬಲಿಲ್ಲ, ಬಿಟ್ಟ ದಿನವೂ ನಂಬಲಿಲ್ಲ. ಯಂತ್ರ ತಾನೇ ನೋಡಿಕೊಳ್ಳುವಂತಿದ್ದರೆ ನನ್ನಂಥವನಿಗೆ ಸಂಬಳ ಕೊಟ್ಟು, ಮೋಟರ್‌ಸೈಕಲ್ಲಿಗೆ ಎಣ್ಣೆ ಹಾಕಿಸಿ, ಚಿಕ್ಕೋಡಿಯಿಂದ ನಿಪ್ಪಾಣಿಗೆ, ರಾಯಬಾಗದಿಂದ ಅಥಣಿಗೆ ಇಷ್ಟು ವರ್ಷ ಓಡಾಡಿಸುವ ಅಗತ್ಯವೇನಿತ್ತು? ಪೆಟ್ಟಿಗೆಯ ಮೇಲೆ ಬರೆದವನು ಕಬ್ಬಿನ ಗಾಡಿಗಳ ಸಾಲಿನಲ್ಲಿ ಸಿಕ್ಕಿಕೊಂಡು ಮಧ್ಯಾಹ್ನದ ಊಟ ತಪ್ಪಿಸಿಕೊಂಡವನಲ್ಲ. ನಾನು ತಪ್ಪಿಸಿಕೊಂಡಿದ್ದೇನೆ.

ಈ ಕೆಲಸಕ್ಕೆ ಈಗ ಕಾಲಿಡುತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ತರಬೇತಿಯಲ್ಲಿ ನಿಮಗೆ ಚೌಕ ಬರೆದು, ಬಾಣ ಎಳೆದು ತೋರಿಸಿರುತ್ತಾರೆ. ನಾನು ಮದುವೆಯ ಮನೆಯನ್ನು ತೋರಿಸುತ್ತೇನೆ. ಕಂಪ್ಯೂಟರಿನ ಯುಎಸ್‌ಬಿ ಕಿಂಡಿಗೆ ತೂಕದ ಕಾಟಾ, ಪ್ರಿಂಟರು, ಹಾಲಿನ ಫ್ಯಾಟ್ ಅಳೆಯುವ ಯಂತ್ರ, ಏನನ್ನೇ ಹಚ್ಚಿದರೂ ಒಳಗಿನಿಂದ "ಯಾರೋ ಬಂದರು" ಎಂದು ಕೂಗು ಏಳುತ್ತದೆ. ಬಾಗಿಲಲ್ಲಿ ಬೀಗರನ್ನು ಎದುರುಗೊಳ್ಳುವವನೊಬ್ಬ ನಿಂತಿರುತ್ತಾನೆ. ಲಿನಕ್ಸ್ ವ್ಯವಸ್ಥೆಯಲ್ಲಿ ಅವನ ಹೆಸರು ಯುಡೆವ್. ಬಂದವರು ಯಾರು, ಅವರನ್ನು ಏನೆಂದು ಕರೆಯಬೇಕು, ಯಾರಿಗೆ ಅವರನ್ನು ಮಾತನಾಡಿಸುವ ಅಧಿಕಾರವಿದೆ ಎಂಬ ನಿಯಮಗಳು ಅವನ ಕೈಯಲ್ಲಿರುತ್ತವೆ. ನಿಯಮ ಬರೆದುಕೊಟ್ಟಿಲ್ಲವೆಂದರೆ ಅವನಿಗೆ ಗೊತ್ತಿರುವುದು ಒಂದೇ: ಮೊದಲು ಬಂದವನು ಸೊನ್ನೆ, ಆಮೇಲೆ ಬಂದವನು ಒಂದು. ಮದುವೆಗೆ ಬಂದ ಸೋದರಮಾವನನ್ನು "ಒಂದನೆಯವರ, ಬರ್ರಿ" ಎಂದು ಕರೆದರೆ ಆ ಮದುವೆ ಹೇಗೆ ನಡೆದೀತು? ಅಂಥ ಅವಮಾನವಾಗದಂತೆ ನಿಯಮ ಬರೆಯುವುದೇ ನನ್ನ ಉದ್ಯೋಗವಾಗಿತ್ತು.

ನಾನು ಕರೋಶಿಯವನು. ರೇಡಿಯೊ ಬಿಚ್ಚುವುದರಿಂದ ಆರಂಭಿಸಿ, ಪಂಪ್‌ಸೆಟ್ಟಿನ ಸ್ಟಾರ್ಟರುಗಳನ್ನು ದಾಟಿ, ಕಂಪ್ಯೂಟರಿಗೆ ಬಂದು ನಿಂತವನು. ಗುರು ಇರಲಿಲ್ಲ. ಇಂಗ್ಲಿಷ್ ಕೈಪಿಡಿ ಒಂದು ಕೈಯಲ್ಲಿ, ನಿಘಂಟು ಇನ್ನೊಂದು ಕೈಯಲ್ಲಿ. ಕೈಪಿಡಿ ಹೇಳಿದ್ದನ್ನು ಕೂಡ ಹಚ್ಚಿ, ಕಿತ್ತು, ಮತ್ತೆ ಹಚ್ಚಿ ನೋಡುವ ತನಕ ಒಪ್ಪುತ್ತಿರಲಿಲ್ಲ. ನನ್ನ ನಿಜವಾದ ಹೆಸರು ಸಂಬಳದ ದಿನ ಮಾತ್ರ ಬಳಕೆಗೆ ಬರುತ್ತಿತ್ತು, ಉಳಿದ ದಿನ ಎಲ್ಲ ಡೇರಿಗಳಲ್ಲೂ ನಾನು "ಕರೋಶಿ ಕಾಕಾ". ಬಡ್ತಿಗಳ ವಿಷಯ ಬರೆಯುವುದಿಲ್ಲ. ಬರೆಯುವಷ್ಟು ಇರಲಿಲ್ಲ, ಇದ್ದಷ್ಟರ ಕಾರಣ ನನಗೂ ತಿಳಿಯಲಿಲ್ಲ.

ಚಿಕ್ಕೋಡಿಯ ನಮ್ಮ ದುರಸ್ತಿ ಕೇಂದ್ರದ ಮೇಲಧಿಕಾರಿ ದೇಸಾಯಿ ಸಾಹೇಬರು. ಸಜ್ಜನರು, ಎತ್ತರದ ಆಳು, ಎಲ್ಲ ರೋಗಕ್ಕೂ ಒಂದೇ ಔಷಧ ಬಲ್ಲವರು. ಪ್ರಿಂಟರು ಹಾಳೆ ನುಂಗಿದರೂ, ಇಲಿ ವೈರು ಕಡಿದರೂ ಅವರ ನಿದಾನ ಬದಲಾಗುತ್ತಿರಲಿಲ್ಲ: "ಅರ್ಥಿಂಗ್ ಸರಿ ಇಲ್ಲ." ಹತ್ತು ಕಡೆ ಹೀಗೆ ಹೇಳಿದರೆ ಒಂದು ಕಡೆ ಅದು ನಿಜವಾಗುತ್ತಿತ್ತು, ಆ ಒಂದರ ಬಲದ ಮೇಲೆ ಅವರು ಮುಂದಿನ ಹತ್ತಕ್ಕೆ ನಡೆಯುತ್ತಿದ್ದರು.

ಯುಡೆವ್‌ನ ನಿಯಮದಲ್ಲಿ ಒಂದು ಸೂಕ್ಷ್ಮವಿದೆ. ಸಮಚಿಹ್ನೆಯನ್ನು ಎರಡು ಸಲ ಬರೆದರೆ ಅದು ಪ್ರಶ್ನೆ: "ನೀನು ಇಂಥವನೇ ಹೌದೆ?" ಒಂದೇ ಸಲ ಬರೆದರೆ ಅದು ಅಪ್ಪಣೆ: "ನೀನು ಇಂಥವನಾಗು." ದೇಸಾಯಿ ಸಾಹೇಬರಿಗೆ ಪ್ರಶ್ನೆ ಕೇಳುವ ಅಭ್ಯಾಸವಿರಲಿಲ್ಲ. ನಿಪ್ಪಾಣಿಯ ಒಂದು ಸಂಘದಲ್ಲಿ, ಸಂಘದ ಪೆನ್‌ಡ್ರೈವ್ ಹಚ್ಚಿದ ಕೂಡಲೇ ಅದರೊಳಗಿನದೆಲ್ಲ ಅಧ್ಯಕ್ಷರ ಕಂಪ್ಯೂಟರಿಗೆ ಇಳಿಯಬೇಕೆಂದು ಅವರೇ ಕೈಯಾರೆ ನಿಯಮ ಬರೆದರು. "ನೀನು ಸಂಘದ ಪೆನ್‌ಡ್ರೈವೇ?" ಎಂದು ಕೇಳಬೇಕಾದ ಕಡೆ "ನೀನು ಸಂಘದ ಪೆನ್‌ಡ್ರೈವ್" ಎಂದು ಅಪ್ಪಣೆಯಾಯಿತು. ಅಂದಿನಿಂದ ಆ ಕಂಪ್ಯೂಟರಿಗೆ ಯಾರು ಫೋನನ್ನು ಚಾರ್ಜಿಗೆ ಹಚ್ಚಿದರೂ ಅದು ಸಂಘದ ಪೆನ್‌ಡ್ರೈವೇ. ತಂಬಾಕಿನ ಗೋದಾಮಿನ ಗುಮಾಸ್ತರೊಬ್ಬರು ಹೊಸ ಅಂಗಿ ತೊಟ್ಟು ಕನ್ನಡಿಯ ಮುಂದೆ ಬಗೆಬಗೆಯಾಗಿ ನಿಂತು ತೆಗೆದುಕೊಂಡಿದ್ದ ಫೋಟೊಗಳೆಲ್ಲ, ಆಡಳಿತ ಮಂಡಳಿಯ ಸಭೆ ನಡೆದಿರುವಾಗ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಒಂದರ ಹಿಂದೊಂದು ಮೂಡಿದವು. ಅಧ್ಯಕ್ಷರು ಕಡೆಯ ಫೋಟೊದವರೆಗೂ ಗಂಭೀರವಾಗಿ ನೋಡಿ ಕೇಳಿದರು: "ಈ ನೀಲಿ ಅಂಗಿ ಎಲ್ಲಿ ಹೊಲಿಸೀರಿ?" ಸಾಹೇಬರಿಗೆ ಸುದ್ದಿ ಮುಟ್ಟಿತು. ಕಾರಣ ಅವರಿಗೆ ಮೊದಲೇ ಗೊತ್ತಿತ್ತು: ಅರ್ಥಿಂಗ್.

ನಿಯಮದ ಕಡತಗಳಿಗೆ ಅಂಕಿ ಹಚ್ಚುವ ಪದ್ಧತಿಯೂ ಇದೆ. ಯುಡೆವ್ ಚಿಕ್ಕ ಅಂಕಿಯಿಂದ ದೊಡ್ಡ ಅಂಕಿಗೆ ಓದಿಕೊಂಡು ಹೋಗುತ್ತಾನೆ, ಒಂದೇ ವಿಷಯದ ಬಗ್ಗೆ ಇಬ್ಬರು ಹೇಳಿದರೆ ಸಾಮಾನ್ಯವಾಗಿ ಕೊನೆಗೆ ಹೇಳಿದವನ ಮಾತು ನಿಲ್ಲುತ್ತದೆ. ಸಾಹೇಬರು ಹಿರಿಯರಾದ್ದರಿಂದ ತಮ್ಮ ಕಡತಕ್ಕೆ ಒಂದನೆಯ ಅಂಕಿಯೇ ಬೇಕೆಂದು ಹಟ ಹಿಡಿಯುತ್ತಿದ್ದರು. ರಾಯಬಾಗದ ಕಡೆ ಅಲಖನೂರಿನ ದಾರಿಯಲ್ಲಿದ್ದ ಒಂದು ಕಾಟಾದಲ್ಲಿ ತೂಕ ಓದಲು ಅವರು ಕೊಟ್ಟ ಪರವಾನಗಿಯನ್ನು ಹಿಂದಿನಿಂದ ಬಂದ ಬೇರೊಂದು ಕಡತ ಪ್ರತಿದಿನ ಕಸಿದುಕೊಳ್ಳುತ್ತಿತ್ತು. "ಸಾಹೇಬ್ರ, ಪಂಚಾಯ್ತಿಯಾಗ ಮೊದಲ ಮಾತಾಡಿದವರದು ನಡೀತೈತೇನ್ರಿ? ಎಲ್ಲಾರದೂ ಮುಗದ ಮ್ಯಾಲ ಹಿರಿಯಾ ಒಂದ ಮಾತ ಆಡ್ತಾನ, ಅದು ನಡೀತೈತಿ" ಎಂದೆ. ಅವರು ಸ್ವಲ್ಪ ಯೋಚಿಸಿ ತಮ್ಮ ಅಂಕಿಯನ್ನು ತೊಂಬತ್ತೊಂಬತ್ತು ಮಾಡಿಕೊಂಡರು. ಅಂದಿನಿಂದ ಆ ಕಾಟಾ ಕೆಲಸ ಮಾಡಿತು, ಸಾಹೇಬರು ಕೂಡ ಎಲ್ಲ ಸಭೆಗಳಲ್ಲಿ ಕೊನೆಗೆ ಮಾತನಾಡತೊಡಗಿದರು.

ಆದರೆ ನನ್ನ ವೃತ್ತಿಯಲ್ಲಿ ನಿದ್ದೆ ಕೆಡಿಸಿದ್ದು ಪೆನ್‌ಡ್ರೈವಲ್ಲ, ಕಾಟಾ ಅಲ್ಲ. ಒಂದು ಎಮ್ಮೆ.

ಅಥಣಿ ತಾಲೂಕಿನಲ್ಲಿ ಐಗಳಿಯನ್ನು ದಾಟಿ ಹೋದರೆ ತೋಟದ ವಸ್ತಿಗಳು, ಎಂದರೆ ಹೊಲಗಳ ನಡುವಿನ ಚಿಕ್ಕ ಮನೆಗುಂಪುಗಳು ಸಿಗುತ್ತವೆ. ಅಂಥ ಒಂದು ವಸ್ತಿಯಲ್ಲಿ ಒಂದೇ ಕೋಣೆಯ ಡೇರಿ. ಅದರ ಕಾರ್ಯದರ್ಶಿ, ಫ್ಯಾಟ್ ನೋಡುವವನು, ಕಸ ಗುಡಿಸುವವನು ಎಲ್ಲ ಮಹಾದೇವನೇ. ಎಡಗಡೆ ಎಮ್ಮೆಯ ಹಾಲಿನ ಸಾಲು, ಬಲಗಡೆ ಆಕಳ ಹಾಲಿನ ಸಾಲು, ಪ್ರತಿ ಸಾಲಿಗೂ ಒಂದು ಫ್ಯಾಟ್ ಯಂತ್ರ, ನಡುವೆ ಒಂದು ಕಂಪ್ಯೂಟರು. ಹಾಲಿನ ಚಿಕ್ಕ ಬಟ್ಟಲನ್ನು ಯಂತ್ರದ ಕೆಳಗೆ ಹಿಡಿದರೆ ಅದು ಫ್ಯಾಟ್ ಅಳೆದು ವೈರಿನ ಮೂಲಕ ಕಂಪ್ಯೂಟರಿಗೆ ತಿಳಿಸುತ್ತದೆ, ಕಂಪ್ಯೂಟರು ಆ ಫ್ಯಾಟಿಗೆ ತಕ್ಕ ದರ ಹಾಕಿ ಚೀಟಿ ಮುದ್ರಿಸುತ್ತದೆ. ಎಮ್ಮೆಯ ಹಾಲಿಗೆ ಏಳರ ಆಸುಪಾಸು, ಆಕಳ ಹಾಲಿಗೆ ಮೂರೂವರೆಯ ಆಸುಪಾಸು ಬರಬೇಕು.

ತೊಡಕೆಂದರೆ ಎರಡು ಯಂತ್ರಗಳ ವೈರುಗಳೂ ಅವಳಿ ಜವಳಿ. ಒಂದೇ ಕಂಪನಿ, ಒಂದೇ ಮಾದರಿ, ಗುರುತಿನ ಸಂಖ್ಯೆ ಎರಡಕ್ಕೂ ಇಲ್ಲ. ಕರೆಂಟು ಹೋಗಿ ಬಂದಾಗಲೆಲ್ಲ ಯಾವುದು ಮೊದಲು ಎಚ್ಚರಗೊಳ್ಳುತ್ತದೋ ಅದು ಸೊನ್ನೆ. ಎಮ್ಮೆಯ ಫ್ಯಾಟು ಆಕಳಿಗೆ, ಆಕಳದ್ದು ಎಮ್ಮೆಗೆ. ನಾನು ಹೋಗಿ ನೋಡಿ, ಮುಖದಿಂದ ಗುರುತಿಸಲಾಗದವರನ್ನು ಕುಳಿತ ಜಾಗದಿಂದ ಗುರುತಿಸಬೇಕೆಂದು ನಿರ್ಧರಿಸಿದೆ. ಕಂಪ್ಯೂಟರಿನ ಬೆನ್ನಿನಲ್ಲಿ ಅಕ್ಕಪಕ್ಕದ ಎರಡು ಕಿಂಡಿ ಆರಿಸಿ ನಿಯಮ ಬರೆದೆ: ಈ ಕಿಂಡಿಗೆ ಯಾರೇ ಬಂದರೂ ಅವರ ಹೆಸರು "ಎಮ್ಮೆ", ಆ ಕಿಂಡಿಗೆ ಯಾರೇ ಬಂದರೂ "ಆಕಳು". ಕರೆಂಟು ತೆಗೆದು, ಹಾಕಿ, ಬೇಸರ ಬರುವ ತನಕ ನೋಡಿದೆ. ಒಂದು ಸಲವೂ ತಪ್ಪಲಿಲ್ಲ.

"ಮಾದೇವಾ, ಈ ವಾಯರ ಎರಡೂ ಯಾರೂ ಮುಟ್ಟಬಾರದ ನೋಡು" ಎಂದೆ.

"ಯಾರ ಮುಟ್ಟತಾರ್ರಿ ಕಾಕಾ! ನಾ ಇರೂತನಾ ನೊಣಾ ಸೈತ ಮುಟ್ಟಾಂಗಿಲ್ಲ" ಎಂದ ಮಹಾದೇವ.

ಕೆಲವು ತಿಂಗಳ ಮೇಲೆ ಕಾಗವಾಡದ ಒಂದು ಡೇರಿಯಲ್ಲಿ ಕುಳಿತಿದ್ದಾಗ ಒಂದು ಅದ್ಭುತದ ಸುದ್ದಿ ಕೇಳಿದೆ. ಐಗಳಿಯ ಆಚೆ ಪಾಟೀಲರ ಆಕಳು ಎಮ್ಮೆಯ ಹಾಲು ಕೊಡುತ್ತದೆಯಂತೆ. ದಿನಾಲೂ ಅಲ್ಲ, ಅಮಾವಾಸ್ಯೆ ಕಳೆದ ಮರುದಿನ ಬೆಳಗ್ಗೆ ಮಾತ್ರ ಫ್ಯಾಟು ಏಳು ದಾಟುತ್ತದೆಯಂತೆ. ಜನ ಗಾಡಿ ಮಾಡಿಕೊಂಡು ಹೋಗಿ ಆಕಳನ್ನು ನೋಡಿ, ಬಾಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಬರುತ್ತಿದ್ದರು. ನಾನು ಹೋದಾಗ ರಾಯಗೊಂಡ ಪಾಟೀಲರು, ದ್ರಾಕ್ಷಿಯ ತೋಟದ ಯಜಮಾನರು, ಆಕಳ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದರು.

"ತಳಿ ನೋಡ್ರಿ ಕಾಕಾ, ತಳಿ! ಇದರ ಮುತ್ತಜ್ಜಿ ಮಠದಾಗಿಂದು" ಎಂದರು.

"ಹಂಗಾರ ಬರೇ ಅಮಾಸಿ ಮರುದಿನಾ ಯಾಕ್ರಿ?"

"ಪುಣ್ಯೇವು ದಿನಾಲೂ ಬರ್ತೈತೇನ್ರಿ?"

ನಾನು ಬಾಲ ಮುಟ್ಟದೆ ಹಿಂದಿರುಗಿದೆ. ಈ ಮಾತನ್ನೂ ನಂಬಲಿಲ್ಲ.

ಆಕಳ ಫ್ಯಾಟು ಏರಿದ ದಿನವೇ ತನ್ನ ಫ್ಯಾಟು ಇಳಿಸಿಕೊಳ್ಳುವ ಒಂದು ಎಮ್ಮೆ ಅದೇ ವಸ್ತಿಯಲ್ಲಿತ್ತು. ಅದು ಹೌಸಾಬಾಯಿಯ ಚಂದ್ರಿ. ಹೌಸಾಬಾಯಿ, ಅವಳ ಗಂಡ ತುಕಾರಾಮ ಇಬ್ಬರೂ ಬೇರೆಯವರ ಹೊಲದಲ್ಲಿ ದುಡಿಯುವವರು, ಮನೆಗೆ ಇದ್ದದ್ದು ಆ ಒಂದೇ ಎಮ್ಮೆ. ಹೊಲಕ್ಕೆ ಹೋಗುವ ಅವಸರದಲ್ಲಿ ಎಮ್ಮೆಯ ಸಾಲಿನಲ್ಲಿ ಎಲ್ಲರಿಗಿಂತ ಮೊದಲು ನಿಲ್ಲುವವಳು ಅವಳು. ಆಕಳ ಸಾಲಿನಲ್ಲಿ ಪಾಟೀಲರಿಗಿಂತ ಮುಂದೆ ಯಾರೂ ನಿಲ್ಲುವ ರೂಢಿಯಿರಲಿಲ್ಲ. ಅಮಾವಾಸ್ಯೆಯ ಮರುದಿನ ಅವರ ಆಕಳು ಏಳಕ್ಕೆ ಏರಿದಾಗ ಇವಳ ಎಮ್ಮೆ ಮೂರೂವರೆಗೆ ಇಳಿಯುತ್ತಿತ್ತು. ಎರಡೂ ಸಾಲಿನಲ್ಲಿ ಅವರಿಬ್ಬರ ಹಿಂದೆ ನಿಂತ ಎರಡನೆಯವರಿಗೂ ಹಾಗೇ ಬರುತ್ತಿತ್ತು. ಆಗ ಮಹಾದೇವ "ಮಶೀನಿಗೆ ಥಂಡಿ ಆಗೇತಿ" ಎಂದು ವೈರು ಕಿತ್ತು, ಮತ್ತೆ ಹಚ್ಚಿ, ಎರಡನೆಯವರಿಗೆ ಹೊಸ ಚೀಟಿ ಕೊಡುತ್ತಿದ್ದ. ಅಷ್ಟರಲ್ಲಿ ಹೌಸಾಬಾಯಿ ಹಳೆಯ ಚೀಟಿಯನ್ನೇ ಹಿಡಿದು ಹೊಲದ ದಾರಿ ಹಿಡಿದಿರುತ್ತಿದ್ದಳು. ಒಬ್ಬರಿಗೆ ಕಡಿಮೆ ಬಂದರೆ ಹಾಲಿನ ತಪ್ಪು, ಇಬ್ಬರಿಗೆ ಬಂದರೆ ಯಂತ್ರದ ತಪ್ಪು: ಇದು ಎಲ್ಲ ಡೇರಿಗಳ ನ್ಯಾಯಶಾಸ್ತ್ರ. ಪಾಟೀಲರಿಗೆ ಹೆಚ್ಚು ಬಂದದ್ದಂತೂ ತಪ್ಪೇ ಅಲ್ಲ, ತಳಿ.

ಮೂರು ತೀರ್ಪುಗಳು ಸಿದ್ಧವಾಗಿದ್ದವು. ಹೌಸಾಬಾಯಿ ಹಬ್ಬಕ್ಕೆ ಮನೆಗೆ ಹಾಲು ತೆಗೆದಿಟ್ಟುಕೊಂಡು ನೀರು ಬೆರೆಸುತ್ತಾಳೆಂದು ಮಹಾದೇವ ಹೇಳಿದ. ಎಮ್ಮೆಗೆ ಅಮಾವಾಸ್ಯೆ ಬಡಿದಿದೆ, ಅದು ಮನೆಯಲ್ಲಿ ಇರಬಾರದೆಂದು ತುಕಾರಾಮ ಹೇಳಿದ. ಅರ್ಥಿಂಗ್ ಎಂದು ದೇಸಾಯಿ ಸಾಹೇಬರು ಹೇಳಿದರು. ಡೇರಿಯ ಮಂಡಳಿಯವರು, ಇನ್ನೊಮ್ಮೆ ಫ್ಯಾಟು ಬಿದ್ದರೆ ಅವಳ ಹಾಲು ಬಂದ್ ಎಂದರು. ತುಕಾರಾಮ ಅದಕ್ಕಿಂತ ಮುಂದೆ ಹೋಗಿ ದನದ ವ್ಯಾಪಾರಿಗೆ ಮಾತು ಕೊಟ್ಟಿದ್ದ: ಮುಂದಿನ ಅಮಾವಾಸ್ಯೆಯ ಮರುದಿನ ಡೇರಿಗೇ ಬರಬೇಕು, ಚೀಟಿ ನೋಡಬೇಕು, ಮತ್ತೆ ಬಿದ್ದಿದ್ದರೆ ಹಗ್ಗ ಬಿಚ್ಚಿಕೊಂಡು ಹೋಗಬೇಕು.

ಹೌಸಾಬಾಯಿ ನನ್ನ ಮೋಟರ್‌ಸೈಕಲ್ಲಿಗೆ ಅಡ್ಡ ನಿಂತು ಕೇಳಿದಳು. "ಕಾಕಾ, ನೀವು ಮಶೀನಿನವರಲ್ಲೇನ್ರಿ? ನನ್ನ ಚಂದ್ರಿ ದಿನಾ ಅದ ಮೇವ ತಿಂತಾಳ, ಅದ ನೀರ ಕುಡೀತಾಳ. ಆಕಿಗಿ ಪಂಚಾಂಗ ಓದಾಕ ಬರ್ತೈತೇನ್ರಿ?"

ಇಷ್ಟು ನೇರವಾದ ಪ್ರಶ್ನೆಯನ್ನು ನಮ್ಮ ಕೇಂದ್ರದಲ್ಲಿ ಯಾರೂ ಕೇಳಿರಲಿಲ್ಲ. ನಾನು ನಿಯಮವನ್ನು ಮತ್ತೆ ಓದಿದೆ, ಕರೆಂಟು ತೆಗೆದು ಹಾಕಿದೆ. ಎಲ್ಲ ಸರಿ. ಇನ್ನೊಂದು ವಾರ ಬಂದೆ, ಸರಿ. ಸಾಹೇಬರಿಗೆ ಫೋನು ಮಾಡಿದೆ. ಅವರು ಅಂದು ಆಡಿದ ಮಾತನ್ನು ನಾನು ಇಂದಿಗೂ ಗೌರವದಿಂದ ನೆನೆಯುತ್ತೇನೆ.

"ನೀವು ಹೋದಾಗೆಲ್ಲಾ ಬರೋಬ್ಬರಿ ಇರ್ತೈತಿ ಅಂತೀರಿ. ಹಂಗಾರ ನೀವು ಹೋಗದಿದ್ದ ದಿನಾ ಹೋಗ್ರಿ."

ಮೊದಲು ನಕ್ಕೆ. ಆಮೇಲೆ ಹೊಳೆಯಿತು. ನಮ್ಮ ಭಾಗದಲ್ಲಿ ಅಮಾವಾಸ್ಯೆಯ ದಿನ ಗ್ಯಾರೇಜು, ವರ್ಕ್‌ಶಾಪುಗಳು ಬಾಗಿಲು ತೆರೆಯುವುದಿಲ್ಲ. ಹತಾರಗಳನ್ನು ತೊಳೆದು, ಪೂಜೆ ಮಾಡಿ, ಕಾಯಿ ಒಡೆದು ಸುಮ್ಮನಿರುತ್ತಾರೆ. ನಮ್ಮ ಕೇಂದ್ರಕ್ಕೂ ಅಂದು ರಜೆ. ಆದ್ದರಿಂದ ಡೇರಿಗಳ ಕಂಪ್ಯೂಟರುಗಳು ಅಮಾವಾಸ್ಯೆಯ ದಿನ ಹೇಗಿರುತ್ತವೆಂಬುದನ್ನು ನಮ್ಮ ಪೈಕಿ ಒಬ್ಬರೂ ಕಂಡಿರಲಿಲ್ಲ.

ಮನೆಯವರು ಬೇಡವೆಂದರೂ ಅಮಾವಾಸ್ಯೆಯ ದಿನವೇ ಹೊರಟೆ. ಸಂಜೆಯ ಹಾಲು ಮುಗಿದಿತ್ತು. ಮಹಾದೇವ ಸ್ನಾನ ಮಾಡಿ, ಮಡಿ ಉಟ್ಟು, ಭಕ್ತಿಯಿಂದ ಕೆಲಸಕ್ಕೆ ಇಳಿದಿದ್ದ. ಮೊದಲು ಎಲ್ಲ ವೈರು ಕಿತ್ತ. ಯಂತ್ರಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದ. ಕಂಪ್ಯೂಟರಿನ ಡಬ್ಬಿ ದಿನಾಲೂ ಪಶ್ಚಿಮಕ್ಕೆ, ಎಂದರೆ ಅವನ ಕಡೆಗೆ, ಮುಖ ಮಾಡಿರುತ್ತಿತ್ತು. ದೇವರಾಗಿ ಕೂಡುವಾಗ ಪೂರ್ವಕ್ಕೆ ಮುಖ ಬೇಕಲ್ಲವೇ? ಅದನ್ನು ತಿರುಗಿಸಿದ. ಪೂರ್ವದ ಕಡೆ ಗೋಡೆ ಇದ್ದುದರಿಂದ ದೇವರ ಮುಖ ಗೋಡೆಗೆ, ಬೆನ್ನು ಪೂಜಾರಿಗೆ. ಆಮೇಲೆ ಎಂದಿನಂತೆ ಬಲಗೈಯ ವೈರನ್ನು ಬಲಗಡೆಯ ಕಿಂಡಿಗೆ, ಎಡಗೈಯದನ್ನು ಎಡಗಡೆಯ ಕಿಂಡಿಗೆ ಹಚ್ಚಿದ. ಡಬ್ಬಿ ತಿರುಗಿದೆ ಎಂದ ಮೇಲೆ ಬಲ ಎಡವಾಗಿತ್ತು, ಎಡ ಬಲವಾಗಿತ್ತು. ನನ್ನ ನಿಯಮ ಆಕಳ ಯಂತ್ರವನ್ನು ಮರ್ಯಾದೆಯಿಂದ "ಎಮ್ಮೆ" ಎಂದು ಕರೆಯಿತು. ಮರುದಿನ ಥಂಡಿಯ ನೆವದಲ್ಲಿ ವೈರು ಕಿತ್ತು, ಡಬ್ಬಿಯನ್ನು ಮತ್ತೆ ತನ್ನ ಕಡೆಗೆ ತಿರುಗಿಸಿ ಹಚ್ಚಿದಾಗ ಅದು ತಾನಾಗಿ ಸರಿಹೋಗುತ್ತಿತ್ತು. ಕೊನೆಗೆ ವಿಭೂತಿ ಕಲಸಿ, ಎರಡೂ ಫ್ಯಾಟ್ ಯಂತ್ರಗಳ ಹಣೆಗೆ ಮೂರು ಬೆರಳಿನಿಂದ ದಪ್ಪಗೆ ಎಳೆದ. ಯಂತ್ರದ ಹಣೆಯೆಂದರೆ ಅದು ತಾನು ಅಳೆದ ಫ್ಯಾಟನ್ನು ತೋರಿಸುವ ಚಿಕ್ಕ ಪರದೆ.

"ಮಾದೇವಾ! ಮುಟ್ಟಬ್ಯಾಡಂತ ಹೇಳಿದ್ನಿಲ್ಲೋ ನಾ?"

"ನಾ ಎಲ್ಲಿ ಮುಟ್ಟೇನ್ರಿ ಕಾಕಾ?" ಅವನ ಆಶ್ಚರ್ಯ ಪ್ರಾಮಾಣಿಕವಾಗಿತ್ತು. "ಪೂಜಿ ಮಾಡೇನಿ. ಪೂಜಿ ಮಾಡೂದಕ್ಕ ಮುಟ್ಟೂದು ಅಂತಾರೇನ್ರಿ?"

"ವಾಯರ ಅದಲಿ ಬದಲಿ ಆದೂವಲ್ಲೋ! ತಿರುವಿ ಇಡು."

"ಆಗಾಕಿಲ್ರಿ. ದೇವರಂತ ಕೂಡಿಸಿದ ಮ್ಯಾಲ ಬೆಳಗಾಗೂತನಾ ಕದಲಸಬಾರದು. ಬೇಕಾದರ ನಮ್ಮ ಅವ್ವನ್ನ ಕೇಳ್ರಿ."

ಅವನ ಅವ್ವನನ್ನು ಕೇಳುವ ಧೈರ್ಯ ನನಗಿರಲಿಲ್ಲ. ಅಲ್ಲದೆ ಇನ್ನೊಂದು ಯೋಚನೆ ಬಂತು. ಈಗಲೇ ಸರಿಪಡಿಸಿದರೆ ನಾಳೆ ಎಮ್ಮೆಯ ಫ್ಯಾಟು ಸರಿಯಾಗಿ ಬರುತ್ತದೆ, ಆದರೆ ಹಿಂದಿನ ತಿಂಗಳುಗಳ ಆರೋಪ ಹೌಸಾಬಾಯಿಯ ತಲೆಯ ಮೇಲೆ ಹಾಗೆಯೇ ಉಳಿಯುತ್ತದೆ. "ಹೆದರಿ ಈ ಸಲ ನೀರು ಹಾಕಲಿಲ್ಲ" ಎನ್ನುತ್ತಾರೆ. ತಪ್ಪು ಎಲ್ಲರ ಕಣ್ಣ ಮುಂದೆ ಆಗಲಿ ಎಂದು ಐಗಳಿಯ ನೆಂಟರ ಮನೆಗೆ ಹೋಗಿ ಮಲಗಿದೆ.

ಬೆಳಗ್ಗೆ ಡೇರಿಯ ಮುಂದೆ ಎರಡು ಸಾಲು ನಿಂತಿದ್ದವು. ಎಮ್ಮೆಯ ಸಾಲಿನ ಮೊದಲಿಗೆ ಹೌಸಾಬಾಯಿ, ಆಕಳ ಸಾಲಿನ ಮೊದಲಿಗೆ ಪಾಟೀಲರು. ಬದಿಯ ಬೇವಿನ ಗಿಡಕ್ಕೆ ಒರಗಿ ವ್ಯಾಪಾರಿ, ಅವನ ಹೆಗಲ ಮೇಲೆ ಹಗ್ಗ, ಪಕ್ಕದಲ್ಲಿ ತಲೆ ತಗ್ಗಿಸಿದ ತುಕಾರಾಮ. ಇಬ್ಬರ ಬಟ್ಟಲುಗಳೂ ಒಟ್ಟಿಗೆ ಯಂತ್ರದ ಕೆಳಗೆ ಹೋದವು. ಮಹಾದೇವ ಹಾಲನ್ನು ಅಳೆದು ದೊಡ್ಡ ಕ್ಯಾನಿಗೆ ಸುರಿದ. ಚೀಟಿಗಳು ಬಂದವು.

"ಪಾಟೀಲರು, ಏಳು ನಾಕ!" ಎಂದು ಕೂಗಿದ. ಸಾಲು "ಓಹೋ" ಎಂದಿತು. ಆಮೇಲೆ ದನಿ ತಗ್ಗಿಸಿ ಹೇಳಿದ: "ಹೌಸಕ್ಕಾ, ಮೂರು ಆರು."

ವ್ಯಾಪಾರಿ ಹಗ್ಗವನ್ನು ಹೆಗಲಿನಿಂದ ಕೈಗೆ ಇಳಿಸಿದ. "ಚಲಾ, ತುಕಾರಾಮ ತಾತ್ಯಾ. ಮಾತು ಮಾತ ಅಲ್ಲೇನು?"

"ಏ, ನಿಲ್ರೋ!" ಎಂದು ನಾನು ಒಳಗೆ ನುಗ್ಗಿ, ಎಮ್ಮೆಯ ಯಂತ್ರದ ಹಣೆಯ ವಿಭೂತಿಯನ್ನು ಧೋತರದ ಚುಂಗಿನಿಂದ ಒರೆಸಿದೆ. ಅಲ್ಲಿ ಏಳು ನಾಲ್ಕು ಎಂದು ಇರಬೇಕಿತ್ತು. ಆದರೆ ಯಂತ್ರ ಅಷ್ಟರಲ್ಲಿ ತನ್ನ ನಳಿಗೆಯನ್ನು ತೊಳೆದುಕೊಂಡು, ಪರದೆಯನ್ನು ಬರಿದು ಮಾಡಿಕೊಂಡು, ಮುಂದಿನ ಹಾಲಿಗೆ ಸಿದ್ಧವಾಗಿ ಕುಳಿತಿತ್ತು. ಖಾಲಿ ಪರದೆಯನ್ನು ತೋರಿಸಿ ನಾನು ಮಾಡಿದ ಭಾಷಣಕ್ಕೆ ಜನ ನಕ್ಕರು.

"ಕಾಕಾ, ವಿಭೂತಿ ಒರಸಿ ಪಾಪಾ ಕಟಗೊಂಡ್ರಿ, ಸಿಕ್ಕಿದ್ದೇನು?" ಎಂದರು ಪಾಟೀಲರು.

ಮತ್ತೆ ಅಳೆಯಬೇಕೆಂದರೆ ಹೌಸಾಬಾಯಿಯ ಹಾಲು ಆಗಲೇ ಕ್ಯಾನು ಸೇರಿತ್ತು. ವ್ಯಾಪಾರಿ ಎಮ್ಮೆಯನ್ನು ಬಿಚ್ಚಲು ಹೊರಟು ನಿಂತ. ಆಗ ಹೌಸಾಬಾಯಿ ತನ್ನ ಹಾಲಿನ ಚರಗಿಯನ್ನು ಸೆರಗಿನಿಂದ ಹೊರಗೆ ತೆಗೆದಳು.

"ತಳದಾಗ ಒಂದ ಗುಟುಕ ಐತ್ರಿ. ಚಾಕ್ಕ ಅಂತ ಬಿಟಗೊಂಡಿದ್ನಿ."

"ಅಂದರ ಪೂರಾ ಹಾಲ ಡೇರಿಗಿ ಹಾಕಾಂಗಿಲ್ಲ ನೀನು!" ಎಂದ ಮಹಾದೇವ.

"ನೀ ಸುಮ್ಮನ ಕುಂಡರೋ ಮಾದೇವಾ. ನಿಮ್ಮವ್ವ ಬಿಟಗೊಳ್ಳಾಂಗಿಲ್ಲೇನು?" ಎಂದಳು. ಸಾಲಿನಲ್ಲಿದ್ದ ಹೆಂಗಸರೆಲ್ಲ ತಮ್ಮ ತಮ್ಮ ಚರಗಿಗಳನ್ನು ಸದ್ದಿಲ್ಲದೆ ಸೆರಗಿನೊಳಗೆ ಸರಿಸಿಕೊಂಡರು. ಅವಳು ನನ್ನ ಕಡೆ ತಿರುಗಿದಳು. "ಕಾಕಾ, ನೀವು ವಾಯರ ಸರಿ ಮಾಡಬ್ಯಾಡ್ರಿ. ಹೆಂಗ ಐತಿ ಹಂಗ ಇರಲಿ. ಎಲ್ಲಾರೂ ಎರಡೂ ಕಡೆ ನೋಡಲಿ, ಮಶೀನ್ ಏನಂತೈತಿ, ಚೀಟಿ ಏನಂತೈತಿ."

ಎರಡನೆಯ ಯಂತ್ರದ ವಿಭೂತಿಯನ್ನೂ ಒರೆಸಿದೆ. ಪಾಪ ಹೇಗೂ ಹತ್ತಿತ್ತು. ಪಾಟೀಲರಿಂದ ಒಂದು ಬಟ್ಟಲು ಹಾಲು ಕೇಳಿ ಪಡೆದೆ. ಇಬ್ಬರದೂ ಮತ್ತೆ ಯಂತ್ರದ ಕೆಳಗೆ ಹೋಯಿತು. ಜನ ಸಾಲು ಮುರಿದು ಒಳಗೆ ಬಂದರು. ಎಮ್ಮೆಯ ಯಂತ್ರದ ಹಣೆಯ ಮೇಲೆ ಏಳು ನಾಲ್ಕು ಮೂಡಿತು, ಹೌಸಾಬಾಯಿಯ ಚೀಟಿಯ ಮೇಲೆ ಮೂರು ಆರು. ಆಕಳ ಯಂತ್ರದ ಹಣೆಯ ಮೇಲೆ ಮೂರು ಆರು, ಪಾಟೀಲರ ಚೀಟಿಯ ಮೇಲೆ ಏಳು ನಾಲ್ಕು. ನಾನು ಡಬ್ಬಿಯನ್ನು ತಿರುಗಿಸಿ, ವೈರುಗಳನ್ನು ಅವುಗಳ ಕಿಂಡಿಗೆ ಕೂಡಿಸಿದೆ. ಬಟ್ಟಲುಗಳಲ್ಲಿ ಉಳಿದಿದ್ದ ಹಾಲನ್ನು ಮತ್ತೆ ಅಳೆದಾಗ ಹಣೆಯ ಬರಹವೂ ಚೀಟಿಯ ಬರಹವೂ ಒಂದಾದವು.

ಮೊದಲು ಬಾಯಿ ಬಿಟ್ಟವನು ವ್ಯಾಪಾರಿ. ಹಗ್ಗ ಹಿಡಿದುಕೊಂಡೇ ಪಾಟೀಲರ ಕಡೆ ತಿರುಗಿ ವಿನಯದಿಂದ ಕೇಳಿದ: "ಸಾವಕಾರ್ರ, ಹಂಗಾರ ಆಕಳಾ ಕೊಡ್ತೀರೇನ್ರಿ?"

ನಗು ಕೋಣೆ ತುಂಬಿತು. ಹೌಸಾಬಾಯಿ ಮಾತ್ರ ನಗಲಿಲ್ಲ. ಮಹಾದೇವನ ಮುಂದೆ ಚರಗಿಯನ್ನು ಠಕ್ಕೆಂದು ಇಟ್ಟಳು. "ನಾ ನೀರ ಹಾಕ್ತೇನಂತ ಸಾಲಿಗಿ ಕೇಳಂಗ ಅಂದಿದ್ದಿ. ಈಗ ಸಾಲಿಗಿ ಕೇಳಂಗ ಹೇಳು."

ಮಹಾದೇವ ಕೆಂಪಾದ, ಬೆವರಿದ, ಕಂಪ್ಯೂಟರಿಗೆ ಕೈ ಮುಗಿದ. ಬಳಿಕ ಬಾಗಿಲಿಗೆ ಬಂದು ದನಿ ಎತ್ತಿ ಹೇಳಿದ: "ಎಲ್ಲಾರೂ ಕೇಳ್ರಿ! ಹೌಸಕ್ಕನ ಹಾಲಿನ್ಯಾಗ ನೀರಿಲ್ಲ. ಈ ಡೇರಿಯಾಗ ಅಮಾಸಿಗಿ ನೀರ ಹಾಕಿದಾಂವ ನಾ ಒಬ್ಬನ, ಅದೂ ವಿಭೂತಿ ಕಲಸಾಕ!"

ಅವಳು ಅಷ್ಟಕ್ಕೆ ತೃಪ್ತಳಾಗಿ ಖಾಲಿ ಚರಗಿ ಎತ್ತಿಕೊಂಡಳು. ಚಹಾ ಕೊಡುವುದಿಲ್ಲವೇ ಎಂದು ನಾನು ತಮಾಷೆಗೆ ಕೇಳಿದರೆ, "ಹಾಲೆಲ್ಲಿ ಐತ್ರಿ ಕಾಕಾ? ನಿಮ್ಮ ಮಶೀನ ಕುಡೀತಲ್ಲ" ಎಂದು ಹೊಲಕ್ಕೆ ನಡೆದಳು.

ಇನ್ನು ಪೂಜೆಯ ವಿಷಯ. ಕೇಂದ್ರದಿಂದ "ಯಂತ್ರಗಳಿಗೆ ಪೂಜೆ ನಿಷಿದ್ಧ" ಎಂಬ ಆದೇಶ ಹೊರಡಿಸಲು ದೇಸಾಯಿ ಸಾಹೇಬರು ಸಿದ್ಧರಾದರು. ನಾನು ತಡೆದೆ. ಪಾಲನೆಯಾಗದ ನಿಯಮವನ್ನು ಬರೆಯುವುದು ನನ್ನ ಉದ್ಯೋಗವಲ್ಲ. ಮಹಾದೇವನನ್ನು ಕೂರಿಸಿಕೊಂಡು ಕೇಳಿದೆ: ಎಮ್ಮೆಯ ಕಿಂಡಿಗೆ ಅರಿಸಿನ, ಆಕಳ ಕಿಂಡಿಗೆ ಕುಂಕುಮ ಹಚ್ಚಿದರೆ ಪೂಜೆಗೆ ಕುಂದೇನಾದರೂ ಉಂಟೇ? ಕುಂದಿಲ್ಲ, ಹೆಚ್ಚೇ ಆಯಿತು ಎಂದ. ವೈರಿನ ತುದಿಗೂ ಅದೇ ಬಣ್ಣ. ಅರಿಸಿನದ ವೈರು ಅರಿಸಿನದ ಕಿಂಡಿಗೆ, ಕುಂಕುಮದ ವೈರು ಕುಂಕುಮದ ಕಿಂಡಿಗೆ. ದೇವರ ಮುಖ ಯಾವ ದಿಕ್ಕಿಗಾದರೂ ತಿರುಗಲಿ. ವಿಭೂತಿಯನ್ನು ಪರದೆಗಿಂತ ನಾಲ್ಕು ಬೆರಳು ಮೇಲಕ್ಕೆ ಎಳೆಯಬೇಕೆಂಬ ತಿದ್ದುಪಡಿಯನ್ನು ಅವನ ಅವ್ವನೇ ಮಂಜೂರು ಮಾಡಿದಳು. ಬಣ್ಣ ಮಾಸಿದಂತೆಲ್ಲ ಪ್ರತಿ ಅಮಾವಾಸ್ಯೆಗೆ ಹೊಸದಾಗಿ ಹಚ್ಚುತ್ತಿದ್ದರು. ನನ್ನ ನಿಯಮಕ್ಕೆ ಇಷ್ಟು ಶ್ರದ್ಧೆಯ ಪಾಲನೆ ಇನ್ನೆಲ್ಲಿಯೂ ಸಿಗಲಿಲ್ಲ. ಅರಿಸಿನ ಹಚ್ಚುವ ಕೆಲಸವನ್ನು ಹೌಸಾಬಾಯಿ ಬೇರೆಯವರಿಗೆ ಬಿಟ್ಟುಕೊಡಲಿಲ್ಲ.

ಪಾಟೀಲರು ಒಂದು ದಿನ ನನ್ನನ್ನು ದ್ರಾಕ್ಷಿಯ ಚಪ್ಪರದ ಕೆಳಗೆ ಕರೆದು ಕೂರಿಸಿದರು. ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದರು: "ಕಾಕಾ, ಬೀಗರು ಬರಾವ್ರು ಅದಾರ, ಆಕಳಾ ನೋಡಾಕ. ಅವತ್ತ ಒಂದಿನಾರ ನಮ್ಮ ಆಕಳಕ್ಕ ಅರಿಷಿಣದ ಕಿಂಡಿ ಸಿಗತೈತೇನ್ರಿ?"

"ಹೌಸಾಬಾಯಿನ್ನ ಕೇಳ್ರಿ" ಎಂದೆ. ಅವರು ಕೇಳಲಿಲ್ಲ.

ಈಗ ಬರುವ ಯಂತ್ರಗಳಿಗೆ ಹುಟ್ಟುವಾಗಲೇ ಗುರುತಿನ ಸಂಖ್ಯೆ ಇರುತ್ತದೆ. ಯಾವ ಕಿಂಡಿಗೆ ಹಚ್ಚಿದರೂ ಯುಡೆವ್ ಅವುಗಳ ಮುಖ ನೋಡಿ ಹೆಸರು ಹಿಡಿದು ಕರೆಯುತ್ತಾನೆ. ಕಿಂಡಿಯ ನಿಯಮ ಹಳತಾಯಿತೆಂದು ಹೊಸಬರು ಹೇಳುತ್ತಾರೆ. ಇರಬಹುದು. ಆದರೂ ನಿಯಮ ಬರೆಯುವ ಮೊದಲು ಆ ಊರಿನಲ್ಲಿ ಯಂತ್ರಕ್ಕೆ ಯಾವ ದಿನ ಸ್ನಾನ ಎಂಬುದನ್ನು ಒಮ್ಮೆ ವಿಚಾರಿಸಿಕೊಳ್ಳಿ.

ನಿವೃತ್ತನಾದ ಮೇಲೆ ಒಮ್ಮೆ ಆ ಕಡೆ ಹೋಗಿದ್ದೆ. ಹೊಸ ಯಂತ್ರ, ಹೊಸ ಡಬ್ಬಿ. ಕಿಂಡಿಗಳಿಗೆ ಮಾತ್ರ ಅದೇ ಅರಿಸಿನ, ಅದೇ ಕುಂಕುಮ. ಹೌಸಾಬಾಯಿಯ ಅಂಗಳದಲ್ಲಿ ಚಂದ್ರಿಯ ಪಕ್ಕಕ್ಕೆ ಒಂದು ಕರು ನಿಂತಿತ್ತು. ಆ ಎಮ್ಮೆಯನ್ನು ಮನೆಯಿಂದ ಹೊರಗೆ ಹಾಕಹೊರಟಿದ್ದ ತುಕಾರಾಮ ಆ ಕರುವಿನ ಮೈ ತಿಕ್ಕುತ್ತಾ ಹೆಮ್ಮೆಯಿಂದ ಹೇಳಿದ: "ಅಮಾಸಿ ದಿನಾನ ಹುಟ್ಟೇತ್ರಿ ಕಾಕಾ. ಅಮಾಸಿ ಕರಾ ಅಂದರ ಮನಿಗಿ ಭಾಳ ಚಲೋ ಅಂತಾರ."

ಅದನ್ನೂ ನಾನು ನಂಬುವುದಿಲ್ಲ. ಹಾಗೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹೌಸಾಬಾಯಿ ಒಳಗಿನಿಂದ ಚಹಾ ತಂದಳು. ಮಶೀನು ಕುಡಿದ ಆ ಗುಟುಕಿನ ಬದಲಿಗೆ ಎಂದಳು. ಗಟ್ಟಿ ಹಾಲಿನ, ಮೇಲೆ ಕೆನೆ ಕಟ್ಟಿದ ಚಹಾ. ಅದರ ಫ್ಯಾಟು ಎಷ್ಟೆಂದು ನಾನು ಯಾವ ಯಂತ್ರವನ್ನೂ ಕೇಳಲಿಲ್ಲ.